ಒಂದನೇ ಕೋಣೆಯ ಗಂಟೆ

ಆ ಚಾಕಿ ಕೇಂದ್ರದಲ್ಲಿ ಮೊದಲು ಇದ್ದದ್ದು ಒಂದೇ ಕೋಣೆ. ನರಸೀಪುರದಿಂದ ಸೋಮನಾಥಪುರದ ಕಡೆ ಹೋಗುವ ರಸ್ತೆಯಲ್ಲಿ, ನಾಲೆ ದಾಟಿದ ಮೇಲೆ, ಹಿಪ್ಪುನೇರಳೆ ತೋಟದ ನಡುವೆ ಶೀಟು ಹೊದಿಸಿದ ಕಟ್ಟಡ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರ ಕಳೆಯುವವರೆಗೆ ಸಾಕಿ, ಆಮೇಲೆ ರೈತರ ಕೈಗೆ ಕೊಡುವುದು ಅಲ್ಲಿನ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಜ್ವರಕ್ಕೆ ಕೂತ ಹುಳವನ್ನು ಅಲ್ಲಾಡಿಸುವಂತಿಲ್ಲ. ಆ ಹೊತ್ತಿನಲ್ಲಿ ಕೋಣೆಗೆ ಯಾರೂ ಹೋಗುವುದಿಲ್ಲ.

ಆ ಕೋಣೆ ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ. ರೈತರು ಬೇರೆ ಕೇಂದ್ರಗಳನ್ನು ಬಿಟ್ಟು ಅಲ್ಲಿಗೆ ಬರುತ್ತಿದ್ದದ್ದು ಅವಳಿಗಾಗಿ. “ಆಯಮ್ಮನ ಕೈಗುಣ ಒಳ್ಳೇದು, ಅವ್ಳು ಎತ್ಕೊಟ್ಟ ಹುಳ ಒಂದೂ ಕೆಡಲ್ಲ” ಎನ್ನುತ್ತಿದ್ದರು. ತಟ್ಟೆಯನ್ನು ಅವಳೇ ಎತ್ತಿ ಕೊಡಬೇಕು. ಬೇರೆ ಹೆಂಗಸರು ಕೊಡಲು ಬಂದರೆ, “ಇರಿ ಇರಿ, ಆಯಮ್ಮ ಬರ್ಲಿ” ಎಂದು ನೆರಳಿನಲ್ಲಿ ಕಾಯುತ್ತಿದ್ದರು. ಅಕ್ಕನಿಗೆ ಅದರ ಬಗ್ಗೆ ಒಳಗೇ ಹೆಮ್ಮೆಯಿತ್ತು. ಭಾವ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿದ್ದದ್ದು ಕಡಿಮೆ. ಊರಿನಲ್ಲಿ ಅವಳಿಗೆಂದು ಒಂದು ಹೆಸರು ಇದ್ದರೆ ಅದು ಆ ಕೈಗುಣದ್ದೇ.

ನಾನು ಎಸ್ಸೆಸ್ಸೆಲ್ಸಿ ದಾಟಿದವನಲ್ಲ. ತಾಂಡ್ಯದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಜೊತೆ ವೈರು ಎಳೆಯುತ್ತಿದ್ದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಬ್ಬರು ಊಟದ ಬಿಡುವಿನಲ್ಲಿ ವಿಷುಯಲ್ ಬೇಸಿಕ್ ಹೇಳಿಕೊಟ್ಟರು. ಆಮೇಲೆ ನಂಜನಗೂಡಿನಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟೆ. ಎರಡು ಸಾವಿರದ ಇಸವಿ ಕಳೆದ ಹೊಸತು. ಚಾಕಿ ಕೇಂದ್ರದ ಮಾಲೀಕರು ಕೋಣೆಯ ಶಾಖ ಹೆಚ್ಚು ಕಡಿಮೆಯಾದರೆ ಗಂಟೆ ಹೊಡೆಯುವಂಥ ಒಂದು ಏರ್ಪಾಡು ಬೇಕು ಎಂದಾಗ, ಅಕ್ಕ ನನ್ನ ಹೆಸರು ಹೇಳಿದಳು.

“ನನ್ ತಮ್ಮ ಮಾಡ್ಕೊಡ್ತಾನೆ ಸಾ. ಓದ್ನಿಲ್ಲ ಅಷ್ಟೆ, ತಲೆ ಅದೆ.”

ಒಂದು ಕೋಣೆಗೆ ಮಾಡಿಕೊಟ್ಟೆ. ಗೋಡೆಗೆ ಸೆನ್ಸರು, ಅಲ್ಲಿಂದ ಆಫೀಸು ಕೋಣೆಯ ಹಳೆಯ ಕಂಪ್ಯೂಟರಿಗೆ ವೈರು, ಪಡಸಾಲೆಯಲ್ಲಿ ಶಾಲೆಯದ್ದರಂಥ ವಿದ್ಯುತ್ ಗಂಟೆ. ಅದಕ್ಕೆ ಮುಂಚೆ ಅಕ್ಕ ಸೊಪ್ಪು ಕತ್ತರಿಸುತ್ತಲೇ ಗಳಿಗೆಗೊಮ್ಮೆ ಎದ್ದು ಕಿಟಕಿಯ ಗಾಜಿನಿಂದ ಇಣುಕಿ ಶಾಖ ನೋಡುತ್ತಿದ್ದಳು. ನಾನೇ ಹೇಳಿದೆ: “ಇನ್ನು ಇಣುಕೋದು ಬೇಡ ಅಕ್ಕ. ಗಂಟೆ ಹೊಡೆದರೆ ಹೋಗು, ಇಲ್ಲದಿದ್ದರೆ ನಿನ್ನ ಕೆಲಸ ನೋಡಿಕೊ.” ಚಳಿಗಾಲವೆಲ್ಲ ಗಂಟೆ ಹೊಡೆಯಬೇಕಾದಾಗ ಹೊಡೆಯಿತು. ಅಕ್ಕ ಇಣುಕುವುದನ್ನು ಬಿಟ್ಟಳು.

ಬೇಸಿಗೆಯ ಹೊತ್ತಿಗೆ ಮಾಲೀಕರು ಎರಡನೇ ಕೋಣೆ ಕಟ್ಟಿಸಿದರು. ನಾನು ಪ್ರೋಗ್ರಾಮನ್ನು ಬಿಚ್ಚಿ ಹೊಸದಾಗಿ ಬರೆಯಲು ಕೂತೆ. ಹಾಳಾದದ್ದು ಇಲ್ಲಿ. ಸ್ವಲ್ಪ ಬಿಡಿಸಿ ಹೇಳಬೇಕು.

ಪ್ರತಿ ಕೋಣೆಗೂ ಪ್ರೋಗ್ರಾಮಿನಲ್ಲಿ ಒಂದೊಂದು ಆಬ್ಜೆಕ್ಟ್ ಮಾಡಿದೆ. ತನ್ನ ಸೆನ್ಸರ್ ಯಾವುದು, ತನ್ನ ಮಿತಿ ಎಷ್ಟು ಎಂಬುದು ಆ ಆಬ್ಜೆಕ್ಟಿಗೇ ಗೊತ್ತು. ಅದರೊಳಗೆ ಶಾಖ ನೋಡುವ ಒಂದು ಮೆಥಡ್: ಸೆನ್ಸರ್ ಓದು, ಪರದೆಯ ಮೇಲೆ ಅಂಕಿ ತೋರಿಸು, ಮಿತಿ ಮೀರಿದ್ದರೆ ಗಂಟೆ ಹೊಡೆ. ಈ ಮೆಥಡನ್ನು ಆಗಾಗ ಯಾರಾದರೂ ಕರೆಯುತ್ತಿರಬೇಕು. ಕರೆಯುವ ಕೆಲಸವನ್ನು ವಿಂಡೋಸಿಗೆ, ಅದರೊಳಗಿನ ಒಂದು ಟೈಮರಿಗೆ, ಒಪ್ಪಿಸಬಹುದು. ‘ಇಷ್ಟು ಹೊತ್ತಿಗೊಮ್ಮೆ ಈ ಫಂಕ್ಷನ್ನನ್ನು ನೀನೇ ಕರೆ’ ಎಂದು ಫಂಕ್ಷನ್ನಿನ ವಿಳಾಸವನ್ನು ಅದರ ಕೈಗೆ ಕೊಟ್ಟುಬಿಡುವುದು. ಇದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಪರದೆಯ ಫಾರಮ್ಮಿನ ಮೇಲೆ ಇಡುವ ಸಾದಾ ಟೈಮರ್ ಬಳಸಿದ್ದರೆ ಈ ಗೋಜೇ ಇರಲಿಲ್ಲ. ಒಂದೇ ಕೋಣೆಯಿದ್ದಾಗ ನಾನು ಬಳಸಿದ್ದು ಅದನ್ನೇ. ಆದರೆ ಎಂಜಿನಿಯರ್ ಕಾಲ್‌ಬ್ಯಾಕ್ ಬರೆಯುವುದನ್ನು ನೋಡಿದ್ದೆ. ನಾನೂ ಅವರ ಹಾಗೆ ಬರೆಯಬೇಕೆನಿಸಿತು. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ವಿಷುಯಲ್ ಬೇಸಿಕ್‌ನಲ್ಲಿ ಒಂದು ತೊಡಕು. ಕಾಲ್‌ಬ್ಯಾಕ್ ಆಗಿ ಕೊಡುವ ಫಂಕ್ಷನ್ ಯಾವ ಆಬ್ಜೆಕ್ಟಿಗೂ ಸೇರಿರಬಾರದು, ಹೊರಗೆ ಮಾಡ್ಯೂಲ್ ಎಂಬ ಬೇರೆ ಹಾಳೆಯಲ್ಲಿ ಒಂಟಿಯಾಗಿರಬೇಕು. ಆಬ್ಜೆಕ್ಟಿನ ಮೆಥಡನ್ನೇ ಕೊಡಲು ಹೋದರೆ ಭಾಷೆ ಒಪ್ಪುವುದಿಲ್ಲ. ನಾನು ಹೇಗೆ ಹೇಗೋ ಬರೆದು ನೋಡಿದೆ. ಪ್ರತಿ ಸಲವೂ ಅದೇ ತಪ್ಪು ತೋರಿಸಿತು. ಕೊನೆಗೆ ಒಪ್ಪಿದ್ದನ್ನು ಓಡಿಸಿ, ನಡುವೆ ನಿಲ್ಲಿಸಿದರೆ ಇಡೀ ವಿಷುಯಲ್ ಬೇಸಿಕ್ ಮುಚ್ಚಿಕೊಂಡು, ಉಳಿಸದೆ ಇದ್ದದ್ದೆಲ್ಲ ಹೋಗುತ್ತಿತ್ತು. ಟೈಮರನ್ನು ಮೊದಲು ಕೊಲ್ಲದೆ ಪ್ರೋಗ್ರಾಮ್ ನಿಲ್ಲಿಸಿದರೆ, ವಿಂಡೋಸು ಇಲ್ಲದ ಫಂಕ್ಷನ್ನನ್ನು ಕರೆಯಲು ಹೋಗಿ ಹಾಗಾಗುತ್ತದೆ ಎಂದು ತಿಳಿಯುವ ಹೊತ್ತಿಗೆ ನಾನು ರೋಸಿಹೋಗಿದ್ದೆ.

ಆಗ ಒಂದು ಉಪಾಯ ಮಾಡಿದೆ. ಮಾಡ್ಯೂಲಿನಲ್ಲಿ ಒಂದು ಫಂಕ್ಷನ್, ಅದರ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಒಂದು ವೇರಿಯಬಲ್, ಒಂದು ಸಲಕ್ಕೆ ಒಬ್ಬರೇ ಕೂರುವ ಜಾಗದಂಥದ್ದು. ಕೋಣೆಯ ಆಬ್ಜೆಕ್ಟ್ ತನ್ನ ಟೈಮರ್ ಶುರುಮಾಡುವಾಗ ಆ ವೇರಿಯಬಲ್‌ನಲ್ಲಿ ತನ್ನನ್ನು ಇಟ್ಟುಕೊಳ್ಳುತ್ತದೆ. ವಿಂಡೋಸು ಫಂಕ್ಷನ್ನನ್ನು ಕರೆದಾಗ, ಅದು ವೇರಿಯಬಲ್‌ನಲ್ಲಿ ಯಾರಿದ್ದಾರೋ ಅವರ ಮೆಥಡನ್ನು ಕರೆಯುತ್ತದೆ. ಕೆಲಸ ನಡೆಯಿತು. ಕುರ್ಚಿಯಿಂದ ಎದ್ದು ಟೀ ಕುಡಿದು ಬಂದೆ.

ಒಂದೇ ಕೋಣೆಯಾಗಿದ್ದರೆ ಅದು ಸರಿಯೇ. ಎರಡು ಕೋಣೆಗೆ? ಮೊದಲು ಒಂದನೇ ಕೋಣೆ ಬಂದು ವೇರಿಯಬಲ್‌ನಲ್ಲಿ ಕೂರುತ್ತದೆ. ಹಿಂದೆಯೇ ಎರಡನೇ ಕೋಣೆ ಬಂದು ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಅಲ್ಲಿಂದ ಮುಂದೆ ಎರಡು ಟೈಮರುಗಳೂ ಕರೆಯುವುದು ಎರಡನೇ ಕೋಣೆಯನ್ನೇ. ಒಂದನೇ ಕೋಣೆಯನ್ನು ಯಾರೂ ಕೇಳುವುದಿಲ್ಲ.

ಇದು ನನಗೆ ಹೊಳೆಯಲಿಲ್ಲ. ಪರೀಕ್ಷೆ ಮಾಡಿದೆ, ಆದರೆ ಹೊಸ ಕೋಣೆಯನ್ನು ಮಾತ್ರ. ಉರಿಯುವ ಬಲ್ಬನ್ನು ಎರಡನೇ ಸೆನ್ಸರಿನ ಹತ್ತಿರ ಹಿಡಿದೆ, ಗಂಟೆ ಹೊಡೆಯಿತು. ಒಂದನೆಯದು ಚಳಿಗಾಲವಿಡೀ ಹೊಡೆದಿದೆಯಲ್ಲ, ಅದನ್ನೇನು ನೋಡುವುದು ಎಂದುಕೊಂಡೆ. ಪರದೆಯ ಮೇಲೆ ಎರಡನೇ ಕೋಣೆಯ ಅಂಕಿ ಮೇಲೆ ಕೆಳಗೆ ಆಗುತ್ತಿತ್ತು. ಒಂದನೆಯದು ಶುರುವಿನಲ್ಲಿ ಓದಿದ ಇಪ್ಪತ್ತೇಳರಲ್ಲೇ ನಿಂತಿತ್ತು. ಮಾಲೀಕರು ಕನ್ನಡಕ ಹಾಕಿಕೊಂಡು ನೋಡಿ ಮೆಚ್ಚಿದರು.

“ನೋಡಪ್ಪಾ, ಹಳೇ ಕೋಣೆ ಎಷ್ಟು ಹದವಾಗಿ ನಿಂತಿದೆ! ಹೊಸದಕ್ಕೂ ಹೀಗೇ ಹದ ಬರಬೇಕು.”

“ಬರುತ್ತೆ ಸಾರ್, ಗೋಡೆ ಇನ್ನೂ ಹಸಿ” ಎಂದೆ ನಾನು.

ಅದಾಗಿ ಸ್ವಲ್ಪ ದಿನಕ್ಕೆ ಒಂದನೇ ಕೋಣೆಯ ಹುಳ ಎರಡನೇ ಜ್ವರಕ್ಕೆ ಕೂತವು. ತಟ್ಟೆ ಒಣಗಿರಲೆಂದು ಅಕ್ಕ ಸುಣ್ಣದ ಪುಡಿ ಉದುರಿಸಿ ಬಾಗಿಲು ಹಾಕಿದಳು. ಬೆಳಗಿನ ತಂಪಿಗೆ ಹಚ್ಚಿದ್ದ ಹೀಟರು ತಾನೇ ಆರಬೇಕಿತ್ತು, ಆರಲಿಲ್ಲ. ಮಧ್ಯಾಹ್ನ ಹೊರಗೆ ಉರಿಬಿಸಿಲು, ಒಳಗೆ ಹೀಟರು. ಅಕ್ಕ ಎರಡನೇ ಕೋಣೆಯಲ್ಲಿ ಎಳೆಹುಳಕ್ಕೆ ಸೊಪ್ಪು ಕೊಡುತ್ತಿದ್ದಳು. ಗಂಟೆ ಹೊಡೆಯಲಿಲ್ಲ. ಸಂಜೆ ಹುಳ ಜ್ವರದಿಂದ ಎದ್ದಿವೆಯೇ ಎಂದು ಬಾಗಿಲು ತೆರೆದರೆ ಬಿಸಿ ಮುಖಕ್ಕೆ ಹೊಡೆಯಿತಂತೆ. ತಟ್ಟೆಗಳ ತುಂಬ ಹುಳ ತಲೆ ಎತ್ತಿದ ಹಾಗೆಯೇ ಸತ್ತಿದ್ದವು.

ಮಾರನೆಯ ಬೆಳಿಗ್ಗೆ ಮಾಲೀಕರು ಫೋನು ಮಾಡಿ ಕರೆಸಿದರು. ನಾನು ಮೊದಲ ಬಸ್ಸಿಗೆ ಹೋದೆ. ತೋಟದ ಬದಿಯಲ್ಲಿ ಗುಂಡಿ ತೋಡಿ ಹುಳವನ್ನು ಹೂಳಿದ್ದರು. ರೈತರು ಗೇಟಿನ ಹತ್ತಿರ ನಿಂತಿದ್ದರು. ಸೊಪ್ಪು ಬೆಳೆಸಿಟ್ಟುಕೊಂಡು ಆ ವಾರ ಹುಳ ಒಯ್ಯಲು ಕಾಯುತ್ತಿದ್ದವರು ಅವರೇ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು.

“ಗಂಟೆ ಒಡೀನಿಲ್ಲ ಕಣ್ಲಾ” ಎಂದಳು ನನ್ನನ್ನು ಕಂಡು.

ಓಡುತ್ತಲೇ ಇದ್ದ ಪ್ರೋಗ್ರಾಮಿನ ಮುಂದೆ ಕೂತೆ. ಹೀಟರು ಆರಿಸಿ, ಬಾಗಿಲು ತೆಗೆದಿಟ್ಟು, ಕೋಣೆ ಖಾಲಿ ಮಾಡಿದ್ದರು. ಆದರೂ ಪರದೆಯ ಮೇಲೆ ಇಪ್ಪತ್ತೇಳೇ. ಆ ವೇರಿಯಬಲ್ ಇದ್ದ ಸಾಲಿಗೆ ಹೋಗುವುದಕ್ಕೆ ಮುಂಚೆಯೇ ನನಗೆ ಗೊತ್ತಾಗಿಹೋಯಿತು.

ಸರಿಪಡಿಸುವುದು ಕಷ್ಟವಾಗಲಿಲ್ಲ. ವಿಂಡೋಸು ಫಂಕ್ಷನ್ನನ್ನು ಕರೆಯುವಾಗ ಯಾವ ಟೈಮರ್ ಕರೆಯುತ್ತಿದೆ ಎಂಬ ನಂಬರನ್ನೂ ಕೊಡುತ್ತದೆ. ನಾನು ಅದನ್ನು ತೆಗೆದುಕೊಂಡು ಬಳಸದೆ ಬಿಟ್ಟಿದ್ದೆ. ಒಂದು ಪಟ್ಟಿ ಮಾಡಿ, ಪ್ರತಿ ಟೈಮರ್ ನಂಬರಿನ ಎದುರಿಗೆ ಅದರ ಕೋಣೆಯನ್ನು ಇಟ್ಟೆ. ಫಂಕ್ಷನ್ ಇನ್ನು ನಂಬರು ನೋಡಿ, ಆ ಕೋಣೆಯ ಮೆಥಡನ್ನೇ ಕರೆಯುತ್ತದೆ. ಎರಡೂ ಸೆನ್ಸರಿಗೆ ಬಲ್ಬು ಹಿಡಿದೆ, ಎರಡಕ್ಕೂ ಗಂಟೆ ಹೊಡೆಯಿತು. ಪಡಸಾಲೆಯಿಂದ ಮಾಲೀಕರು ಬಂದರು.

“ಏನಪ್ಪಾ, ಮಿಷನ್ ಕೆಟ್ಟಿತ್ತಾ?”

ಆ ಕ್ಷಣದಲ್ಲಿ ನನ್ನ ಅಂಗಡಿ ಕಣ್ಣಿಗೆ ಬಂತು. ಹುಲ್ಲಹಳ್ಳಿಯ ಕಡೆ ಇನ್ನೊಂದು ಚಾಕಿ ಕೇಂದ್ರ ಮಾಡುತ್ತಿದ್ದ ಅವರ ಪರಿಚಯದವರು ನನ್ನನ್ನು ಬರಹೇಳಿದ್ದರು. ಎಸ್ಸೆಸ್ಸೆಲ್ಸಿ ಫೇಲಾದವನ ಕೈಗೆ ಇದನ್ನೆಲ್ಲ ಯಾಕೆ ಕೊಟ್ಟಿರಿ ಎಂದು ಯಾರೋ ಮಾಲೀಕರನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

“ಇಲ್ಲ ಸಾರ್, ಸರಿ ಇದೆ. ನೋಡಿ” ಎಂದು ಬಲ್ಬು ಹಿಡಿದು ತೋರಿಸಿದೆ. ಒಂದನೇ ಕೋಣೆಯ ಗಂಟೆ ಅವರೆದುರಿಗೆ ಹೊಡೆಯಿತು. ಅದು ಕಟ್ಟೆಯ ಮೇಲಿದ್ದ ಅಕ್ಕನಿಗೂ ಕೇಳಿಸಿತು. ಅವಳು ತಿರುಗಿ ನೋಡಿದ್ದನ್ನು ಕಂಡೆ.

ಮಾಲೀಕರು ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ತಟ್ಟೆ ಮುಟ್ಟುವುದು ಬೇಡ, ಸೊಪ್ಪು ಕತ್ತರಿಸಿಕೊಂಡಿರು ಎಂದರು. ರೈತರೂ ಅದನ್ನೇ ಹೇಳಿದ್ದರು. “ಕೈಗುಣ ಓಯ್ತು ಕಣಪ್ಪ. ಓಗೋ ಕಾಲಕ್ಕೆ ಅಂಗೇ ಓಯ್ತದೆ” ಎಂದು ಹಿರಿಯ ರೈತರೊಬ್ಬರು ತೀರ್ಪು ಕೊಟ್ಟಂತೆ ಹೇಳಿದರಂತೆ. ಹುಳ ಎತ್ತಿಕೊಡಲು ಬೇರೊಬ್ಬ ಹೆಂಗಸು ಬಂದಳು. ಅಕ್ಕ ಕಟ್ಟಡದ ಹಿಂದಿನ ಚಪ್ಪರದಲ್ಲಿ ಸೊಪ್ಪು ಕತ್ತರಿಸುವ ಮಣೆಯ ಮುಂದೆ ಕೂತಳು. ರೈತರು ಹುಳ ಒಯ್ಯುವ ದಿನ ಅವಳು ಎದುರಿಗೆ ಬರಬಾರದು ಎಂದು ಯಾರೂ ಹೇಳಲಿಲ್ಲ, ಅವಳೇ ಬರುತ್ತಿರಲಿಲ್ಲ.

ನಾನು ಹಬ್ಬಕ್ಕೆ ಹೋದೆ, ಕಂಪ್ಯೂಟರು ಒರೆಸಲು ಹೋದೆ. ಪ್ರತಿ ಸಲವೂ ಇವತ್ತು ಹೇಳಬೇಕೆಂದುಕೊಂಡೇ ಬಸ್ಸು ಹತ್ತುತ್ತಿದ್ದೆ. ಈಗ ಹೇಳಿದರೆ ಸತ್ತ ಹುಳ ಬರುವುದೇ, ಅಕ್ಕನ ಕೆಲಸ ಉಳಿದಿದೆಯಲ್ಲ, ನನ್ನ ಕೆಲಸವೂ ಹೋದರೆ ಅವಳಿಗೇ ಬೇಸರ ಎಂದು ಇಳಿಯುವಷ್ಟರಲ್ಲಿ ಮನಸ್ಸು ಹಿಂದೆ ಸರಿಯುತ್ತಿತ್ತು. ಹುಲ್ಲಹಳ್ಳಿಯ ಕಡೆಯ ಕೆಲಸವನ್ನೂ ಒಪ್ಪಿಕೊಂಡೆ.

ಮುಂಗಾರು ಶುರುವಾದ ಮೇಲೆ ಒಂದು ದಿನ ಹೋದಾಗ ಅಕ್ಕ ಚಪ್ಪರದಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ನೋಡಿ ಚುಚ್ಚಿದಳು.

“ಬಂದ್ರು ನೋಡು ಎಂಜಿನೇರ್ರು. ಅವತ್ತು ಇವ್ರ ಮಿಷನ್ನೇ ಮಲ್ಕಂಡಿತ್ತೇನೋ, ಯಾರಿಗೆ ಗೊತ್ತು!”

ಅಕ್ಕ ಕತ್ತಿ ನಿಲ್ಲಿಸಿದಳು. “ಬಾಯ್ಗೆ ಬಂದಂಗೆ ಮಾತಾಡ್ಬೇಡ ಕಣಮ್ಮಿ. ಮಿಷನ್ ಸರಿಯಾಗದೆ, ಸಾವ್ಕಾರ್ರ ಎದ್ರುಗೇ ಒಡೀತು. ನಂಗೇ ಕೇಳ್ಸಿಲ್ಲ ಅಷ್ಟೆ.” ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದಳು: “ಮೈಸೂರಿಗೆ ಓಗಿ ಕಿವಿ ತೋರ್ಸ್ಕಂಡ್ ಬಂದೆ ಕಣ್ಲಾ. ಡಾಕ್ಟ್ರು ಎಲ್ಡು ಕಿವಿನೂ ಚೆಂದಾಗವೆ ಅಂದ್ರು. ಅಂಗಾರೆ ಗ್ಯಾನ ಎತ್ಲಾಗೆ ಓಗಿತ್ತು ನಂದು? ಎಷ್ಟು ಯೋಚ್ನೆ ಮಾಡುದ್ರೂ ಗೊತ್ತಾಯ್ತಿಲ್ಲ.”

ಅವಳು ನನ್ನನ್ನು ನಂಬಿ ತನ್ನ ಕಿವಿಯನ್ನು ಅನುಮಾನಿಸಿದ್ದಳು. ಹೊಡೆಯದ ಗಂಟೆ ತನಗೆ ಯಾಕೆ ಕೇಳಲಿಲ್ಲವೆಂದು ತಿಳಿಯಲು ಬಸ್ಸು ಹತ್ತಿ ಡಾಕ್ಟರ ಹತ್ತಿರ ಹೋಗಿದ್ದಳು. ನಾನು ಅಲ್ಲಿ ನಿಲ್ಲಲಾರದೆ ನೀರು ಕುಡಿಯುವ ನೆಪದಲ್ಲಿ ಆಚೆ ಬಂದೆ. ಅವತ್ತೂ ಹೇಳಲಿಲ್ಲ. ಆದರೆ ನಂಜನಗೂಡಿಗೆ ಬಂದವನೇ, ಹಳೆಯ ಪ್ರೋಗ್ರಾಮ್ ಇದ್ದ ಫ್ಲಾಪಿ ಹುಡುಕಿದೆ. ಅಕ್ಕನೊಬ್ಬಳಿಗೆ ಹೇಳಿದರೆ ಸಾಲದು. ಅವಳು ಅದನ್ನು ನುಂಗಿಕೊಂಡು ನನ್ನನ್ನೇ ಕಾಪಾಡುತ್ತಾಳೆ ಎಂದು ಗೊತ್ತಿತ್ತು. ಕೈಗುಣ ಹೋಯಿತು ಎಂದವರ ಎದುರಿಗೇ ತೋರಿಸಬೇಕು.

ರೈತರು ಹುಳ ಒಯ್ಯುವ ದಿನ ನೋಡಿಕೊಂಡು ಹೋದೆ. ಮಾಲೀಕರಿಗೆ ಎಲ್ಲರನ್ನೂ ಪಡಸಾಲೆಗೆ ಕರೆಯಿರಿ ಎಂದೆ. ಅಕ್ಕನನ್ನೂ ಕರೆಸಿದೆ. ಕಂಪ್ಯೂಟರಿಗೆ ಹಳೆಯ ಪ್ರೋಗ್ರಾಮ್ ಹಾಕಿ, ಬಲ್ಬನ್ನು ಎರಡನೇ ಸೆನ್ಸರಿಗೆ ಹಿಡಿದೆ. ಗಂಟೆ ಹೊಡೆಯಿತು. ಒಂದನೆಯದಕ್ಕೆ ಹಿಡಿದೆ. ಹೊಡೆಯಲಿಲ್ಲ. ಕೈ ಸುಡುವವರೆಗೆ ಹಿಡಿದೇ ಇದ್ದೆ.

“ಹುಳ ಸತ್ತ ದಿನ ಇದ್ದದ್ದು ಈ ಪ್ರೋಗ್ರಾಮು. ಮಾರನೆಯ ದಿನ ಬಂದು ಸರಿಮಾಡಿ, ಸರಿಯಾದದ್ದನ್ನು ನಿಮಗೆ ತೋರಿಸಿದೆ. ತಪ್ಪು ನನ್ನದು” ಎಂದೆ.

ಕೈಗುಣ ಹೋಯಿತು ಎಂದಿದ್ದ ಆ ಹಿರಿಯ ರೈತರು ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮುಂದೆ ಬಂದರು.

“ಅದ್ಯಾಕೆ ಒಂದು ಒಡೀತದೆ, ಒಂದು ಒಡೆಯಾಕಿಲ್ಲ? ನಮ್ಗೂ ತಿಳ್ಯಂಗೆ ಯೋಳು.”

ಮೆಥಡ್, ಆಬ್ಜೆಕ್ಟ್ ಎಂದರೆ ಅವರಿಗೇನು ತಿಳಿಯುತ್ತದೆ? ನಮ್ಮೂರಿನಲ್ಲಿ ಮನೆಮನೆಗೆ ಫೋನು ಬರುವ ಮೊದಲು ಅಂಗಡಿಯ ನಂಬರು ಕೊಟ್ಟು, ಕರೆ ಬಂದರೆ ನಮ್ಮನ್ನು ಕೂಗಿ ಎನ್ನುತ್ತಿದ್ದೆವಲ್ಲ, ಅದನ್ನು ಹೇಳಿದೆ. ಎರಡು ಮನೆಯವರು ಒಂದೇ ಅಂಗಡಿಯ ನಂಬರು ಕೊಟ್ಟಿದ್ದಾರೆ. ಕರೆ ಯಾರಿಗೆ ಬಂತೆಂದು ಅಂಗಡಿಯವನು ಹೆಸರು ಕೇಳಬೇಕು. ಕೇಳದೆ, ಕಡೆಗೆ ಹೇಳಿಹೋದ ಮನೆಯವರನ್ನೇ ಕೂಗುತ್ತಾನೆ. ಇನ್ನೊಂದು ಮನೆಗೆ ಸಾವಿನ ಸುದ್ದಿ ಬಂದರೂ ಅವರಿಗೆ ಮುಟ್ಟುವುದಿಲ್ಲ.

“ಅಂಗಂದ್ರೆ ಒಬ್ನನ್ನೇ ಎಲ್ಡ್ ಸಲ ಕೂಗ್ದ ಅನ್ನು” ಎಂದ ಒಬ್ಬ ಹಿಂದಿನಿಂದ. “ಒಳ್ಳೆ ಅಂಗ್ಡಿ ಮಡಗಿದ್ದೀಯ ಕಣಪ್ಪ!” ಒಂದಿಬ್ಬರು ನಕ್ಕರು. ಹಿರಿಯರು ನಗಲಿಲ್ಲ.

“ಅಂಗ್ಡಿಯೋನು ಅಂಗೆ ಕಲ್ತಿದ್ದು ಯಾರಿಂದ?”

“ನಾನು ಹೇಳಿಕೊಟ್ಟ ಹಾಗೇ ಅದು ಮಾಡಿತು.”

ಮಾಲೀಕರು ನನ್ನ ಮುಖ ನೋಡಲಿಲ್ಲ. “ಹುಲ್ಲಹಳ್ಳಿಯವರಿಗೂ ಇದನ್ನ ನೀನೇ ಹೋಗಿ ಹೇಳು. ನಾನು ಹೇಳೋ ಹಾಗಾಗಬಾರದು” ಎಂದಷ್ಟೇ ಅಂದು, ಅಕ್ಕನ ಕಡೆ ತಿರುಗಿದರು. “ಕೈ ತೊಳಕೊಂಡು ಬಾರಮ್ಮ. ಇವತ್ತು ನೀನೇ ಕೊಡು.”

ಅಕ್ಕ ಅಲ್ಲಿಯವರೆಗೂ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಒಂದೇ ಮಾತು ಕೇಳಿದಳು.

“ಮಾರ್ನೆ ದಿನವೇ ಗೊತ್ತಿತ್ತಾ?”

“ಹೂಂ.”

“ನಾನು ಕಿವಿ ವಿಷ್ಯ ಯೋಳ್ದಾಗ?”

ಅದಕ್ಕೂ ಹೂಂ ಎನ್ನಬೇಕಾಗಿತ್ತು. ಅವಳು ಹೋಗಿ ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಬಂದು ತಟ್ಟೆಗಳ ಮುಂದೆ ನಿಂತಳು. ಹಿರಿಯ ರೈತರೇ ಮೊದಲು ಒದ್ದೆಬಟ್ಟೆ ಹಾಸಿದ ಪುಟ್ಟಿಯನ್ನು ಮುಂದೆ ಹಿಡಿದರು.

“ಕೊಡವ್ವ. ನಿನ್ ಕೈಗುಣ ಎಲ್ಲೂ ಓಗಿಲ್ಲ. ನಾವೇ ತಪ್ಪು ಮಾತಾಡುದ್ವಿ.”

ಅಕ್ಕ ತಟ್ಟೆ ಎತ್ತಿದಳು, ಕೊಡಲಿಲ್ಲ. “ಕೈಗುಣ ಅಂತ ತಕ್ಕೋಬ್ಯಾಡಿ ಅಣ್ಣ. ಹುಳ ನೋಡಿ. ಒಂದ್ ಸಮ ಎದ್ದವಾ, ಸೊಪ್ಪು ತಿಂತಾವಾ ನೋಡ್ಕಂಡು, ಸರಿ ಅನ್ಸುದ್ರೆ ತಕ್ಕೊಳಿ.” ಅವರು ಏನೋ ಹೇಳಲು ಹೋದರು. ಅವಳು ತಟ್ಟೆಯನ್ನು ಅವರ ಕಣ್ಣಿನ ಹತ್ತಿರ ಹಿಡಿದೇ ನಿಂತಳು. ಅವರು ಬಗ್ಗಿ ನೋಡುವವರೆಗೂ ಬಿಡಲಿಲ್ಲ. ಮುಂದಿನವರಿಗೂ ಅದೇ ಮಾತು. ಕೆಲವರು ನೋಡಿ ಒಯ್ದರು. ಇಬ್ಬರು ಮಾತ್ರ ಹೋಗಿ ಆ ಇನ್ನೊಬ್ಬ ಹೆಂಗಸಿನ ಮುಂದೆ ನಿಂತರು. ಅಕ್ಕ ಅದನ್ನು ಕಂಡೂ ಕಾಣದಂತೆ ಮುಂದಿನ ತಟ್ಟೆ ಎತ್ತಿದಳು.

ಎಲ್ಲರೂ ಹೋದ ಮೇಲೆ ಸರಿಯಾದ ಪ್ರೋಗ್ರಾಮನ್ನು ಮತ್ತೆ ಹಾಕಿದೆ. ಪ್ರತಿ ಕೋಣೆಯ ಅಂಕಿಯ ಪಕ್ಕದಲ್ಲಿ, ಅದನ್ನು ಕಡೆಯ ಸಲ ಓದಿದ ಗಂಟೆ ನಿಮಿಷವೂ ಕಾಣುವಂತೆ ಮಾಡಿದೆ. ಅಂಕಿ ನಿಂತಿದ್ದರೆ, ಅದು ಹದವೋ ಹೆಣವೋ ಇನ್ನು ನೋಡಿದವರಿಗೆ ತಿಳಿಯುತ್ತದೆ. ಮೆಥಡನ್ನು ಅದರ ಆಬ್ಜೆಕ್ಟಿನ ಸಮೇತ ಕಾಲ್‌ಬ್ಯಾಕ್ ಆಗಿ ಕೊಡಬಹುದಾದ ಭಾಷೆಗಳನ್ನು ಆಮೇಲೆ ಕಲಿತೆ. ಅವುಗಳಲ್ಲಿ ಈ ತಪ್ಪು ಇಷ್ಟು ಸುಲಭವಾಗಿ ಆಗುವುದಿಲ್ಲ. ಆದರೆ ಹುಳ ಸತ್ತ ಮಾರನೆಯ ಬೆಳಿಗ್ಗೆ ಮಾಲೀಕರ ಎದುರಿಗೆ ನಾನು ಮಾಡಿದ್ದನ್ನು ಯಾವ ಭಾಷೆಯೂ ತಡೆಯುತ್ತಿರಲಿಲ್ಲ.

ಹೊರಡುವ ಮುಂಚೆ ಅಕ್ಕನ ಹತ್ತಿರ ಹೋಗಿ, ಗಂಟೆ, ಸೆನ್ಸರು ಎಲ್ಲವನ್ನೂ ಬಿಚ್ಚಿಕೊಂಡು ಹೋಗಲೇ ಎಂದು ಕೇಳಿದೆ. ಅವಳು ಖಾಲಿ ತಟ್ಟೆಗಳನ್ನು ಬಿಸಿಲಿಗೆ ಒರಗಿಸುತ್ತಿದ್ದಳು.

“ಬ್ಯಾಡ. ಇರ್ಲಿ. ಗಂಟೆ ಬೇಕು” ಎಂದಳು. “ಆದ್ರೆ ಇನ್ಮೇಲೆ ಇಲ್ಲಿ ಏನಾರ ಮುಟ್ಟುದ್ರೆ, ಏನ್ ಮುಟ್ಟುದೆ ಅಂತ ನಂಗೆ ಯೋಳ್ಬುಟ್ಟು ಓಗು.”

ಆ ದಿನ ಮುಟ್ಟಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಯಾವ ವೈರು, ಯಾವ ಸೆನ್ಸರು, ಪರದೆಯ ಮೇಲೆ ಹೊಸದಾಗಿ ಬಂದದ್ದೇನು. ಅವಳು ಕೆಲಸ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು. ಮಧ್ಯಾಹ್ನವಾಗಿತ್ತು. ಊಟ ಮಾಡಿಕೊಂಡು ಹೋಗು ಎನ್ನಲಿಲ್ಲ. ನಾನು ಬಸ್ಸಿಗೆ ನಡೆದೆ.